ಖಾಲಿ ತಟ್ಟೆಯ ಕೆಂಪು

ಜೂನ್ 4

ಚಿರಂಜೀವಿ ಸಾಸಿವೆಗೆ ದೊಡ್ಡಮ್ಮನ ಎಡಗೈಯ ಆಶೀರ್ವಾದಗಳು. ಬಲಗೈ ರಜೆಯ ಮೇಲಿದೆ.

(ಬರೆಯುತ್ತಿರುವವನು ನಾನು, ನಿನ್ನ ದೊಡ್ಡಪ್ಪ. ಹೇಳುತ್ತಿರುವವಳು ಇವಳು. ಕೋರ್ಟಿನ ಶೀಘ್ರಲಿಪಿಕಾರನಾಗಿ ಜೀವಮಾನವಿಡೀ ಬೇರೆಯವರ ಮಾತನ್ನೇ ಬರೆದೆ, ನನ್ನದೊಂದು ಮಾತು ಸೇರಿಸಲಿಲ್ಲ. ಈಗ ನಿವೃತ್ತನಾಗಿದ್ದೇನೆ. ಆವರಣ ಚಿಹ್ನೆಯ ಒಳಗಿರುವುದೆಲ್ಲ ನನ್ನ ಸ್ವಂತ ಆಸ್ತಿ.)

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನ ಮಾತು ಹೊಲಿಯದ ಹಾಳೆ, ಫ್ಯಾನು ಹಾಕಿದರೆ ಹಾರಿಹೋಗುತ್ತದೆ ಅನ್ನುವ ನನ್ನ ಸಿದ್ಧಾಂತ ನಿನಗೆ ಗೊತ್ತೇ ಇದೆ. ಅಲ್ಲದೆ ಬೈಂಡಿಂಗ್ ಅಂಗಡಿ ಇಟ್ಟುಕೊಂಡವಳಿಗೆ ಕಾಗದಕ್ಕೇನು ಬರ? ಈ ಪತ್ರ ಯಾವುದೋ ಶಾಲೆಯ ಹಾಜರಿ ಪುಸ್ತಕದಿಂದ ಕತ್ತರಿಸಿ ಉಳಿದ ಪಟ್ಟಿಯ ಮೇಲಿದೆ. ಆದ್ದರಿಂದಲೇ ಇಷ್ಟು ಉದ್ದ, ಇಷ್ಟು ಸಣಕಲು.

ಫೆಬ್ರವರಿಯಲ್ಲಿ ಅಟ್ಟದ ಮೇಲಿನ ಚರ್ಮದ ಸುರುಳಿ ತೆಗೆಯಲು ಏಣಿ ಹತ್ತಿ, ಇಳಿಯುವಾಗ ಏಣಿಯ ಸಹಾಯ ತೆಗೆದುಕೊಳ್ಳಲಿಲ್ಲ. ಮುಂಗೈ ಮೂಳೆ ಮುರಿಯಿತು, ಕನ್ನಡಕವೂ ಒಡೆಯಿತು. ಡಾಕ್ಟರು ಒಳಗೊಂದು ತಗಡು ಇಟ್ಟು ಸ್ಕ್ರೂ ಹೊಡೆದಿದ್ದಾರೆ ಅನ್ನುವುದು ನಿಮ್ಮಮ್ಮನಿಂದ ಕೇಳಿರುತ್ತೀಯ. ಈಗ ಪರವಾಗಿಲ್ಲ. ಮೂಳೆ ಇನ್ನೂ ಕೂಡಿಕೊಂಡೇ ಇಲ್ಲ ಅಂದ್ರು ಅಂತ ಬರೀಬೇಡ್ರೀ, ಮಗು ಹೆದರ್ಕೊಳ್ಳುತ್ತೆ. ಸ್ವಲ್ಪ ನಿಧಾನ ಅಂತ ಬರೀರಿ. ಸ್ವಲ್ಪ ನಿಧಾನ.

(ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ನನ್ನ ವೃತ್ತಿಧರ್ಮ. ‘ಬರೀಬೇಡ್ರೀ’ ಅಂದದ್ದೂ ಹೇಳಿದ್ದೇ.)

ಹೊಸ ಕನ್ನಡಕ ಮಾಡಿಸಿಲ್ಲ. ಕೈಯೇ ಇಲ್ಲದ ಮೇಲೆ ಕಣ್ಣಿಟ್ಟುಕೊಂಡು ಯಾರ ತಪ್ಪು ನೋಡಲಿ? ಅಂಗಡಿಗೆ ಹೋಗಿ ಕೂರುತ್ತೇನೆ. ಹೊಲಿಗೆ ಇವರು ಕಲಿಯುತ್ತಿದ್ದಾರೆ. ಇವರು ಹೊಲಿದ ಪುಸ್ತಕ ತೆರೆದರೆ ಮುಚ್ಚುವುದಿಲ್ಲ, ಮುಚ್ಚಿದರೆ ತೆರೆಯುವುದಿಲ್ಲ.

ನೀನೇನೋ ಮೂಳೆ ಬೆಳೆಸುತ್ತೀಯಂತಲ್ಲ ಆ ಲ್ಯಾಬಿನಲ್ಲಿ? ವಿವರವಾಗಿ ಬರೆ. ಸುಮ್ಮನೆ ಕೇಳಿದೆ ಅಷ್ಟೆ.

ನಿನ್ನ,
ದೊಡ್ಡಮ್ಮ

---

ಜೂನ್ 13

ಪ್ರೀತಿಯ ದೊಡ್ಡಮ್ಮನಿಗೂ, ಆವರಣ ಚಿಹ್ನೆಯ ಒಳಗಿರುವ ದೊಡ್ಡಪ್ಪನವರಿಗೂ,

‘ಸ್ವಲ್ಪ ನಿಧಾನ’ ಅನ್ನುವುದನ್ನು ಎರಡು ಸಲ ಓದಿಕೊಂಡೆ. ಡಾಕ್ಟರು ಮುಂದೇನು ಅಂದರು ಅಂತ ಬರೆಯಿಸು. ‘ಬರೀಬೇಡಿ’ ಅಂತಲಾದರೂ ಹೇಳು, ದೊಡ್ಡಪ್ಪ ಬರೆಯುತ್ತಾರೆ.

ನನ್ನ ಕೆಲಸದ ಮಾತು. ಮೂಳೆ ಅಂದರೆ ಕಲ್ಲಲ್ಲ ದೊಡ್ಡಮ್ಮ, ಅದರೊಳಗೆ ಮೇಸ್ತ್ರಿಗಳಿದ್ದಾರೆ. ಬಹಳ ಸಣ್ಣ ಜೀವಕೋಶಗಳು. ಅವು ಮೊದಲು ಎಲ್ಲಾದರೂ ಕಾಲೂರಬೇಕು, ಆಮೇಲೆ ಸಂಸಾರ ಬೆಳೆಸಬೇಕು, ಕೊನೆಗೆ ತಮ್ಮ ಸುತ್ತ ಸುಣ್ಣದಂಶವನ್ನು ಕೂಡಿಸಿ ಗಟ್ಟಿ ಮಾಡಬೇಕು. ಕಾಲೂರಲು, ಕಟ್ಟಡಕ್ಕೆ ಬೊಂಬು ಕಟ್ಟುತ್ತಾರಲ್ಲ ಹಾಗೆ, ಒಂದು ಸಾರುವೆ ಬೇಕಲ್ಲ? ಅದನ್ನು ಕಟ್ಟುವವಳು ನಾನು. ರೇಷ್ಮೆಗೂಡನ್ನು ಕುದಿಸಿ ಅಂಟು ಕಳೆದು, ಕರಗಿಸಿ, ಹೆಪ್ಪುಗಟ್ಟಿಸಿ, ಒಣಗಿಸಿದರೆ ಬೆರಳ ತುದಿಯಷ್ಟು ಸ್ಪಂಜಾಗುತ್ತದೆ. ಅದರೊಳಗೆ ನಾನು ಮೊಟ್ಟೆಯ ಚಿಪ್ಪನ್ನು ನುಣ್ಣಗೆ ಅರೆದು ಸೇರಿಸಿದ್ದೇನೆ. ಚಿಪ್ಪಿನಲ್ಲಿ ಕ್ಯಾಲ್ಸಿಯಂ ಇದೆ, ಮೇಸ್ತ್ರಿಗಳಿಗೆ ಹುಮ್ಮಸ್ಸು ಬರಲಿ ಅಂತ. ಕ್ಯಾಂಟೀನಿನವರು ದಿನಾ ಚಿಪ್ಪು ಎತ್ತಿಡುತ್ತಾರೆ. ನನ್ನನ್ನು ನೋಡಿದ ಕೂಡಲೇ “ಅಮ್ಮಾ, ಕಸ ತಗೊಂಡೋಗೋಕೆ ಬಂದ್ರು” ಅಂತ ಒಳಗೆ ಕೂಗುತ್ತಾರೆ. ಇಷ್ಟು ಓದಿ ಸಂಪಾದಿಸಿದ ಬಿರುದು ಇದು.

ಈ ಕೋಶಗಳ ಸ್ವಭಾವ ವಿಚಿತ್ರ. ಹಾಸು ಮೆತ್ತಗಿದ್ದರೆ ಮೈಗಳ್ಳತನ ಮಾಡುತ್ತವೆ. ಒರಟಾಗಿ, ಗಟ್ಟಿಯಾಗಿದ್ದರೆ ಮೂಳೆ ಮಾಡುವ ಕೆಲಸಕ್ಕೆ ಇಳಿಯುತ್ತವೆ. ಮೂರು ದಿನಕ್ಕೊಮ್ಮೆ ಹಳೆಯ ಪೋಷಕ ದ್ರವ ತೆಗೆದು ಹೊಸದು ಹಾಕಬೇಕು. ಕೋಶ ಬೆಳೆಸುವ ಕೋಣೆಯೊಳಗೆ ಫೋನು ಒಯ್ಯುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ಜೋರಾಗಿ ಆಸೆ ಪಡುವ ಹಾಗೂ ಇಲ್ಲವೇನೋ ಅನ್ನಿಸುತ್ತದೆ ಒಮ್ಮೊಮ್ಮೆ.

ಕೊನೆಯಲ್ಲೊಂದು ಪರೀಕ್ಷೆ. ಮಂಜಿಷ್ಠದ ಬೇರಿನಲ್ಲಿರುವ ಕೆಂಪು ಬಣ್ಣ ಗೊತ್ತಲ್ಲ, ಅದನ್ನು ಹಾಕಿ ತೊಳೆಯುತ್ತೇವೆ. ಕ್ಯಾಲ್ಸಿಯಂ ಇದ್ದಲ್ಲಿ ಕೆಂಪು ನಿಲ್ಲುತ್ತದೆ. ಇಲ್ಲದಿದ್ದರೆ ನೀರಲ್ಲಿ ಹೋಮ.

ಇದೆಲ್ಲ ಲ್ಯಾಬಿನ ಗಾಜಿನ ತಟ್ಟೆಯೊಳಗಿನ ಮಾತು. ಮನುಷ್ಯರ ಮೈಗೆ ಬರಲು ಇನ್ನೂ ಬಹಳ ದೂರ ಇದೆ. ಆದರೂ ನಿನ್ನ ಕೈ ನೆನಪಾದಾಗಲೆಲ್ಲ ಆತುರವಾಗುತ್ತದೆ.

ನಿನ್ನ,
ಸಾಸಿವೆ

---

ಜೂನ್ 24

ಸಾಸಿವೇ,

ಇನ್ನು ಮುಂದೆ ಬರೆದದ್ದನ್ನು ಓದಿಸಿ ಕೇಳಿಕೊಂಡೇ ಲಕೋಟೆ ಅಂಟಿಸಲು ಬಿಡುತ್ತೇನೆ. ಈ ಮನೆಯಲ್ಲಿ ಸಾಕ್ಷಿಗಳಿಗೆ ರಕ್ಷಣೆ ಇಲ್ಲ.

(ಓದಿ ಹೇಳುವವನೂ ನಾನೇ.)

ನಿನ್ನ ಪತ್ರ ಕೇಳಿ ನಗು ಬಂತು. ಬಟ್ಟಲಿನಲ್ಲಿ ರೇಷ್ಮೆ, ಚಿಪ್ಪು, ಅಂಟು, ಬಣ್ಣದ ಬೇರು! ಇದಕ್ಕೆ ಅಷ್ಟು ದೂರ ಯಾಕೆ ಹೋದೆಯೇ? ರೇಷ್ಮೆ ದಾರದಲ್ಲೇ ನಾನು ಒಳ್ಳೆಯ ಪುಸ್ತಕ ಹೊಲಿಯುವುದು. ಚರ್ಮ, ಮೂಳೆ ಕುದಿಸಿದ ಸರೇಸು ಅಂಟಿನ ವಾಸನೆಗೆ ಇವರು ಮದುವೆಯಾದ ಹೊಸದರಲ್ಲಿ ಊಟ ಬಿಟ್ಟಿದ್ದರು. ಹಾಳೆ ಮಡಿಸಿ ಗೆರೆ ತೀಡಲು ನನ್ನ ಹತ್ತಿರ ಇರುವುದೂ ಮೂಳೆಯ ಪಟ್ಟಿಯೇ. ಚಿಕ್ಕವಳಿದ್ದಾಗ ಅದನ್ನು ಬಾಯಿಗಿಟ್ಟುಕೊಂಡು “ದೊಡ್ಡಮ್ಮಾ, ಇದು ಯಾರ ಮೂಳೆ?” ಅಂದಿದ್ದೆ. ಈಗ ಡಾಕ್ಟರೇಟಿಗೆ ಅದೇ ಪ್ರಶ್ನೆ.

ಮೆತ್ತನೆ ಹಾಸಿನ ಮೇಲೆ ಮೈಗಳ್ಳತನ ಮಾಡುವ ಕೋಶದ ವಿಷಯ ಓದಿದಾಗ ಇವರು ಸೋಫಾದಲ್ಲಿದ್ದರು. ಎದ್ದು ಮರದ ಕುರ್ಚಿಗೆ ಹೋದರು.

(ಬೆನ್ನು ನೋವಿತ್ತು, ಅದಕ್ಕೆ.)

ಡಾಕ್ಟರ ಹತ್ತಿರ ಹೋಗಿದ್ದೆ. ಎಕ್ಸ್‌ರೇ ದೀಪದ ಮುಂದೆ ಹಿಡಿದು ತೋರಿಸಿದರು. ಎರಡು ತುಂಡಿನ ನಡುವೆ ಒಂದು ಕಪ್ಪು ಗೆರೆ. ಪಕ್ಕದ ಮನೆಯವರು ಮಾತು ಬಿಟ್ಟ ಮೇಲೆ ನಡುವೆ ಇರುತ್ತದಲ್ಲ ಓಣಿ, ಹಾಗೆ. ಸೊಂಟದಿಂದ ಸ್ವಲ್ಪ ಮೂಳೆ ತೆಗೆದು ಆ ಸಂದಿಗೆ ತುಂಬೋಣ ಅನ್ನುತ್ತಾರೆ. “ಒಳ್ಳೇ ಗೋಡೆ ಒಡ್ದು ಬಿದ್ದ ಗೋಡೆ ಕಟ್ಟೋದಾ ಡಾಕ್ಟ್ರೇ?” ಅಂದೆ. “ಅಮ್ಮಾ, ನಿಮ್ಮದೇ ಮೂಳೆ, ನಿಮ್ಮ ಮೈ ಬೇಡ ಅನ್ನೋಲ್ಲ” ಅಂದರು. ಆಗಸ್ಟಿನಲ್ಲಿ ದಿನ ಕೊಟ್ಟಿದ್ದಾರೆ.

ಮಾಡಿಸಿಕೊಳ್ಳುತ್ತೇನೆ, ಅದೇನು ದೊಡ್ಡ ವಿಷಯ. ಆದರೆ ಆ ಕೈಯೂ ಬಾರದೆ ಸೊಂಟವೂ ಹೋದರೆ? ಈಗ ನಿಂತಾದರೂ ಬಯ್ಯುತ್ತೇನೆ. ಆಮೇಲೆ ಕೂತು ಬಯ್ಯಬೇಕು. ಬೈಂಡಿಂಗ್ ಅಂಗಡಿಯಲ್ಲಿ ಬಲಗೈ ಇಲ್ಲದವಳು ಗಿರಾಕಿಯೇ ಹೊರತು ಯಜಮಾನಿಯಲ್ಲ.

ನಿನ್ನ ಕೆಂಪು ಯಾವಾಗ ಬರುತ್ತದೆ?

ದೊಡ್ಡಮ್ಮ

---

ಜುಲೈ 6

ದೊಡ್ಡಮ್ಮಾ! ದೊಡ್ಡಪ್ಪಾ!

ಬಂತು! ಕೆಂಪು ಬಂತು!

ಬಣ್ಣ ಹಾಕಿ ತೊಳೆದೆ, ಮತ್ತೆ ತೊಳೆದೆ, ಇನ್ನೊಮ್ಮೆ ತೊಳೆದೆ. ಹೋಗಲಿಲ್ಲ! ಸ್ಪಂಜಿಗೆ ಸ್ಪಂಜೇ ಕೆಂಪು. ಕೋಶಗಳು ಕಾಲೂರಿದ್ದನ್ನು ಮೊದಲೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ, ಈಗ ಇದು. ನಮ್ಮ ಗೈಡ್ ಮೇಡಂ ಊರಲ್ಲಿಲ್ಲ, ಬರುವುದು ಮುಂದಿನ ವಾರ. ಅಲ್ಲಿಯವರೆಗೆ ಹೇಗೆ ಸುಮ್ಮನಿರುವುದು? ಕ್ಯಾಂಟೀನಿನವರಿಗೆ ಹೇಳಿದೆ. “ನಮ್ಮ ಚಿಪ್ಪಾ ಮೇಡಂ?” ಅಂತ ಹಿಗ್ಗಿ ಟೀ ಜತೆ ಬಿಸ್ಕತ್ತು ಕೊಟ್ಟರು, ಕಾಸು ತೆಗೆದುಕೊಳ್ಳಲಿಲ್ಲ.

ಫೋಟೋ ದೊಡ್ಡದು ಮಾಡಿಸಿ ಕಳಿಸುತ್ತಿದ್ದೇನೆ. ನೋಡು, ನಿನ್ನ ಅಂಗಡಿಯ ಸರಕು ಎಂಥ ಕೆಲಸ ಮಾಡಿದೆ!

ಸಾಸಿವೆ (ಸದ್ಯಕ್ಕೆ ಕುಂಬಳಕಾಯಿಯಷ್ಟು ಊದಿದ್ದೇನೆ)

---

ಜುಲೈ 15

ನನ್ನ ಬಂಗಾರದ ಸಾಸಿವೇ,

ಫೋಟೋ ಬಂತು. ಕನ್ನಡಕ ಇಲ್ಲದೆಯೂ ಕಾಣುವಷ್ಟು ಕೆಂಪು! ಅಂಗಡಿಯಲ್ಲಿ ಕಟಿಂಗ್ ಮೆಷಿನ್ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ರಸೀದಿ ಪುಸ್ತಕ ಮಾಡಿಸಲು ಬಂದವರೆಲ್ಲ “ಏನಮ್ಮ ಇದು, ದಾಸವಾಳವಾ?” ಅಂತ ಕೇಳುತ್ತಾರೆ. “ಮೂಳೆ” ಅನ್ನುತ್ತೇನೆ. ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. “ನಮ್ಮ ಮಗು ಬೆಳೆಸಿದ್ದು” ಅನ್ನುತ್ತೇನೆ. ಇನ್ನೊಂದು ಹೆಜ್ಜೆ ಸರಿಯುತ್ತಾರೆ.

(ನಿನ್ನೆ ಒಬ್ಬರು ಮುಂಗಡವನ್ನೂ ಕೊಡದೆ ಹೋದರು.)

ಒಂದೆರಡು ಮಾತು ಕೇಳಬೇಕು, ನಗಬೇಡ. ಈ ಸ್ಪಂಜು ಎಷ್ಟು ದಿನ ಕೆಡದೆ ಇರುತ್ತದೆ? ಮಂಜುಗಡ್ಡೆಯಲ್ಲಿಟ್ಟು ಕಳಿಸಬಹುದೆ? ನನ್ನ ಕೈಯ ಸಂದಿ ಅಗಲವೇನಲ್ಲ, ನಿನ್ನ ಬೆರಳ ತುದಿಯಷ್ಟು ಬೇಕಾಗಲಿಕ್ಕಿಲ್ಲ, ಅರ್ಧ ಸಾಕು. ಉಳಿದರ್ಧ ಬೇರೆ ಯಾರಿಗಾದರೂ ಆಗುತ್ತದೆ.

ಇವರೇನೋ ಬರೆಯದೆ ಪೆನ್ನು ಕಚ್ಚುತ್ತಾ ಕೂತಿದ್ದಾರೆ. ಏನ್ರೀ? ಆವರಣ ಚಿಹ್ನೆ ಖರ್ಚಾಗೋಯ್ತಾ?

(ಇಲ್ಲ.)

ದೊಡ್ಡಮ್ಮ

---

ಆಗಸ್ಟ್ 9

ಪ್ರೀತಿಯ ದೊಡ್ಡಮ್ಮನಿಗೆ,

ಉತ್ತರ ತಡವಾಯಿತು. ಇಲ್ಲಿ ಕೆಲಸ ನಡೆದಿದೆ. ಹಾಸ್ಟೆಲಿನ ನಲ್ಲಿ ಮತ್ತೆ ಸೋರುತ್ತಿದೆ. ನನ್ನ ಕೋಣೆಯವಳು ಬೆಳಗ್ಗೆ ಬೇಗ ಎದ್ದು ಹಗ್ಗ ಜಿಗಿಯುವ ಅಭ್ಯಾಸ ಶುರುಮಾಡಿದ್ದಾಳೆ, ಕೆಳಗಿನ ಕೋಣೆಯವರು ಕೋಲಿನಿಂದ ಚಾವಣಿ ಕುಟ್ಟುತ್ತಾರೆ. ನಡುವೆ ನಾನು. ಕಾರಿಡಾರಿಗೆ ಹೊಸ ಬಣ್ಣ ಹೊಡೆಯುತ್ತಿದ್ದಾರೆ. ಹಸಿರು.

ಸ್ಪಂಜು ಅಂಚೆಯಲ್ಲಿ ಕಳಿಸುವ ನಿನ್ನ ತಮಾಷೆಗೆ ನಕ್ಕೆ. ಅಂಚೆಯವನು ಲಕೋಟೆಗೆ ಮೊಹರು ಗುದ್ದುವ ರಭಸ ನೋಡಿದರೆ, ಯಾವ ಕೋಶವೂ ಬದುಕುವುದಿಲ್ಲ.

ಆಪರೇಷನ್ ಆಗಿರಬೇಕಲ್ಲ ಇಷ್ಟರಲ್ಲಿ? ಸೊಂಟ ನೋವಿದೆಯೆ? ಅಮ್ಮ ಫೋನಿನಲ್ಲಿ ಏನೂ ಹೇಳಲಿಲ್ಲ.

ಆ ಫೋಟೋ ಗೋಡೆಯಿಂದ ತೆಗೆದುಬಿಡು ದೊಡ್ಡಮ್ಮ. ಬಿಸಿಲಿಗೆ ಬಣ್ಣ ಹೋಗುತ್ತದೆ.

ಸಾಸಿವೆ

---

ಆಗಸ್ಟ್ 19

ಕಳ್ಳೀ,

ನನಗೆ ಗೊತ್ತಾಯಿತು. ಇಷ್ಟು ಸಪ್ಪೆ ಪತ್ರ ನೀನು ಬರೆಯುವವಳೇ ಅಲ್ಲ. ನಲ್ಲಿ, ಹಗ್ಗ, ಹಸಿರು ಬಣ್ಣ! ಮನಸ್ಸು ಬೇರೆಲ್ಲೋ ಇದ್ದಾಗ ಮನುಷ್ಯರು ಗೋಡೆಯ ಬಣ್ಣ ವರ್ಣಿಸುತ್ತಾರೆ. ನಿಶ್ಚಯವಾದ ಹೊಸದರಲ್ಲಿ ಇವರು ನನಗೆ ಬರೆದ ಮೊದಲ ಪತ್ರದಲ್ಲಿ ಕೋರ್ಟಿನ ಮೆಟ್ಟಿಲು ದುರಸ್ತಿಯ ವಿಷಯ ಎರಡು ಪುಟ ಇತ್ತು.

(ಮೆಟ್ಟಿಲು ನಿಜಕ್ಕೂ ಅಪಾಯದಲ್ಲಿತ್ತು.)

ಯಾರವನು? ಲ್ಯಾಬಿನವನೇ? ಓದಿದವನಾದರೆ ಸಾಲದು, ಉಗುರು ಕತ್ತರಿಸಿಕೊಂಡಿರುತ್ತಾನೋ ನೋಡು. ನಿಮ್ಮಮ್ಮನಿಗೆ ನಾನು ಹೇಳುವುದಿಲ್ಲ. ಹೇಳಿದರೂ ನಿಧಾನವಾಗಿ ಹೇಳುತ್ತೇನೆ.

ನನ್ನ ಕೈ ಚೆನ್ನಾಗಿದೆ. ಆಪರೇಷನ್ ಎಲ್ಲ ಆಯಿತು ಅಂತ ಬರೀರಿ. ಏನ್ರೀ ಹಾಗೆ ನೋಡ್ತೀರಾ? ‘ಬೇಡ ಡಾಕ್ಟ್ರೇ, ನಮ್ಮ ಮಗು ರೇಷ್ಮೇಲಿ ಮೂಳೆ ಬೆಳೆಸಿದಾಳೆ, ಅದು ಬರೋವರೆಗೂ ಕಾಯ್ತೀನಿ’ ಅಂದು ಎದ್ದು ಬಂದೆ ಅಂತ ಬರೀತೀರಾ? ಅವಳು ಅಲ್ಲಿ ಕೆಲಸ ಬಿಟ್ಟು ಓಡಿ ಬರ್ತಾಳೆ. ಆ ತಗಡು ಎಷ್ಟು ದಿನ ತಾಳುತ್ತೆ, ಬಗ್ಗಿ ಬಗ್ಗಿ ಒಂದಿನ ಮುರಿಯುತ್ತೆ ಅಂತ ಡಾಕ್ಟ್ರು ಕೂಗಾಡಿದ್ದನ್ನಂತೂ ಬರೀಲೇಬೇಡಿ. ಆಯಿತು ಅಂತ ಬರೀರಿ.

(ಓದಿ ಹೇಳುವಾಗ ಮೇಲಿನ ಐದಾರು ಸಾಲು ಬಿಟ್ಟು ಓದುತ್ತೇನೆ. ಕೆಲಸದಲ್ಲಿದ್ದಷ್ಟು ಕಾಲವೂ ಒಂದಕ್ಷರ ಬಿಟ್ಟು ಓದಿದವನಲ್ಲ. ನಿನ್ನೆ ಅಂಟಿನ ಡಬ್ಬಿ ಎತ್ತಲು ಹೋಗಿ ನೋವಿಗೆ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಗಿರಾಕಿ ಬಂದಾಗ ಬಿದ್ದ ಸೂಜಿ ಹುಡುಕುತ್ತಿದ್ದೇನೆ ಅಂದಳು. ನಿನ್ನ ಮಾತು ಮಾತ್ರ ಕೇಳುತ್ತಾಳೆ.)

ಫೋಟೋ ತೆಗೆಯುವುದಿಲ್ಲ. ಬಿಸಿಲು ಬೀಳದ ಕಡೆಗೆ ಸರಿಸಿದ್ದೇನೆ.

ದೊಡ್ಡಮ್ಮ

---

ಆಗಸ್ಟ್ 24

ದೊಡ್ಡಮ್ಮ,

ದೊಡ್ಡಪ್ಪ, ಇದನ್ನು ಒಂದಕ್ಷರವೂ ಬಿಡದೆ, ಸೇರಿಸದೆ ಓದಿ. ಕೋರ್ಟಿನಲ್ಲಿ ಓದುವ ಹಾಗೆ.

ದೊಡ್ಡಮ್ಮ, ಆ ಕೆಂಪು ಮೂಳೆಯದಲ್ಲ.

ಊರಿಂದ ಬಂದ ಮೇಡಂಗೆ ಕುಣಿಯುತ್ತಾ ಫೋಟೋ ತೋರಿಸಿದೆ. ಅವರು ನೋಡಿ, ಮೆತ್ತಗೆ “ಚೆನ್ನಾಗಿದೆ ಕಣಮ್ಮ. ಖಾಲೀದು ಎಲ್ಲಿ?” ಅಂದರು. ಖಾಲೀದು ಅಂದರೆ, ಕೋಶಗಳನ್ನೇ ಹಾಕದ ಬರೀ ಸ್ಪಂಜು. ಅದನ್ನೂ ಪಕ್ಕದಲ್ಲಿಟ್ಟು, ಅದೇ ದ್ರವ ಹಾಕಿ, ಅದೇ ಬಣ್ಣ ಹಾಕಿ ತೊಳೆಯಬೇಕು. ಮೊದಲ ವರ್ಷದ ಮಕ್ಕಳಿಗೂ ಗೊತ್ತಿರುವ ಪಾಠ. ನಾನು ಇಟ್ಟಿರಲಿಲ್ಲ. ನಿನ್ನ ಮೊದಲ ಪತ್ರ ಬಂದಾಗ ಕೈಯಲ್ಲಿದ್ದದ್ದು ಕೆಲವೇ ಸ್ಪಂಜು. ಒಂದನ್ನು ಖಾಲಿ ಇಡುವುದು ದಂಡ ಅನ್ನಿಸಿತು. ಎಲ್ಲಕ್ಕೂ ಕೋಶ ಬಿತ್ತಿಬಿಟ್ಟೆ, ಎಷ್ಟು ಬೆಳೆದರೆ ಅಷ್ಟು ಬೇಗ ಅಂತ.

ಆಮೇಲೆ ಖಾಲಿ ಸ್ಪಂಜು ಮಾಡಿ ಬಣ್ಣ ಹಾಕಿದೆ. ಒಂದು ಜೀವಕೋಶವೂ ಇಲ್ಲದ ತಟ್ಟೆ ದೊಡ್ಡಮ್ಮ. ಅಷ್ಟೇ ಕೆಂಪಾಯಿತು. ನಾನು ಅರೆದು ಹಾಕಿದ ಚಿಪ್ಪಿನಲ್ಲೇ ಕ್ಯಾಲ್ಸಿಯಂ ಇತ್ತಲ್ಲ, ಬಣ್ಣ ಅದನ್ನೇ ಹಿಡಿದಿತ್ತು. ಕೋಶಗಳು ಕಾಲೂರಿದ್ದು ನಿಜ. ಅವು ಗಟ್ಟಿ ಮೂಳೆ ಕಟ್ಟಿದವೋ ಇಲ್ಲವೋ ಆ ಫೋಟೋದಿಂದ ಯಾರೂ ಹೇಳಲಾರರು. ನೀನು ಗೋಡೆಗೆ ಅಂಟಿಸಿರುವುದು ಕ್ಯಾಂಟೀನಿನ ಆಮ್ಲೆಟ್ಟಿನ ಉಳಿಕೆ.

ಇದು ಗೊತ್ತಾದ ಮೇಲೂ ನಿನಗೆ ಬರೆಯಲಿಲ್ಲ. ನಿನಗೆ ಬೇಜಾರಾಗುತ್ತೆ ಅಂದುಕೊಂಡೆ. ನಿಜವಾಗಿ ನೋಡಿದರೆ ನನಗೆ ನಾಚಿಕೆಯಾಗಿತ್ತು. ನೀನು ಸ್ಪಂಜಿನ ಮೇಲೆ ಆಸೆಯಿಟ್ಟು ಕೂತಿದ್ದೀಯ ಅಂತ ತಲೆಗೇ ಹೊಳೆಯಲಿಲ್ಲ. ತಮಾಷೆ ಅಂದುಕೊಂಡೆ. ನಮ್ಮ ಮನೆಯಲ್ಲಿ ಎಲ್ಲರೂ ಇಷ್ಟು ತಮಾಷೆ ಮಾಡುತ್ತೇವೆ, ಅಳುವವರು ಯಾರು ಅಂತ ಗೊತ್ತೇ ಆಗುವುದಿಲ್ಲ.

ಇದೆಲ್ಲ ಸರಿಹೋದರೂ ಮನುಷ್ಯರ ಕೈಗೆ ಬರಲು ವರ್ಷಗಟ್ಟಲೆ ಬೇಕು, ಬರದೆಯೂ ಇರಬಹುದು. ನಿನ್ನ ತಗಡು ಅಷ್ಟು ಕಾಯುವುದಿಲ್ಲ. ನಿನ್ನ ಸೊಂಟದ ಮೂಳೆಯೇ ಈ ಲೋಕದಲ್ಲಿ ಸದ್ಯಕ್ಕಿರುವ ಒಳ್ಳೆಯ ಸಾರುವೆ. ಅದರಲ್ಲಿ ಮೇಸ್ತ್ರಿಗಳೂ ಇದ್ದಾರೆ, ಸಾಮಾನೂ ಇದೆ. ನಾನು ಇಲ್ಲಿ ಕುದಿಸಿ, ಅರೆದು ಅದರ ನಕಲು ಮಾಡಲು ಒದ್ದಾಡುತ್ತಿದ್ದೇನೆ ಅಷ್ಟೆ. ಡಾಕ್ಟರ ಹತ್ತಿರ ಹೋಗು. ಬಯ್ಯುವುದಿದ್ದರೆ ಆಮೇಲೆ ಬಯ್ಯಿ.

ಕುಂಬಳಕಾಯಿ ಮತ್ತೆ ಸಾಸಿವೆಯಾಗಿದೆ. ಬೇಗ ಉತ್ತರ ಬರೆಯಿಸು.

---

ಸೆಪ್ಟೆಂಬರ್ 7

ಸಾಸಿವೆ,

ಇದು ನನ್ನ ಎಡಗೈ. ಸೊಟ್ಟಗಿದೆ. ಓದಿಕೋ.

ಬರೆಯುವವರನ್ನು ಕೆಲಸದಿಂದ ತೆಗೆದಿದ್ದೇನೆ. ನಿನ್ನ ಪತ್ರ ಪೂರ್ತಿ ಓದಿದರು. ಕೊನೆಗೆ ತಾವು ಬಿಟ್ಟು ಓದಿದ್ದನ್ನೂ ಒಪ್ಪಿಕೊಂಡರು. ಎರಡು ದಿನ ಇಬ್ಬರ ಜೊತೆಗೂ ಮಾತು ಬಿಟ್ಟೆ. ನೀನು ಇಲ್ಲಿಲ್ಲವಾದ್ದರಿಂದ ನಿನ್ನ ಪಾಲಿನದೂ ಇವರೇ ಅನುಭವಿಸಿದರು.

ಕೆಂಪು ಸುಳ್ಳಾದದ್ದಕ್ಕೆ ಸಿಟ್ಟಿಲ್ಲ. ಆಸೆ ಬೆಚ್ಚಗಿತ್ತು. ಡಾಕ್ಟರ ಮಾತು ತಣ್ಣಗಿತ್ತು. ಬೆಚ್ಚಗಿರುವ ಕಡೆ ಕೂತೆ. ನೀನು ಖಾಲಿ ತಟ್ಟೆ ಇಡಲಿಲ್ಲ, ನಾನು ಕನ್ನಡಕ ಮಾಡಿಸಲಿಲ್ಲ. ಇಬ್ಬರೂ ಒಂದೇ ಮನೆಯವರು.

ಹೆದರಿಕೆ ಹೇಳಲೇ? ಇವರಿಗೂ ಹೇಳಿಲ್ಲ. ನೋವಿನ ಹೆದರಿಕೆಯಲ್ಲ. ಇದನ್ನೂ ಮಾಡಿಸಿ ಕೂಡದಿದ್ದರೆ, ಇನ್ನು ಕಾಯಲು ಏನೂ ಉಳಿಯುವುದಿಲ್ಲ. ಮಾಡಿಸದಿದ್ದರೆ ‘ಇನ್ನೂ ಇದೆ’ ಅಂತ ಇರುತ್ತದೆ. ಅದನ್ನು ಖರ್ಚು ಮಾಡಲು ಮನಸ್ಸು ಬರಲಿಲ್ಲ.

ಈಗ ಒಂದು ಕರಾರು. ನೀನು ಖಾಲಿಯದನ್ನು ಪಕ್ಕದಲ್ಲಿಟ್ಟು ಮತ್ತೆ ಮೊದಲಿಂದ ಮಾಡು. ನಾನು ಸೊಂಟ ಕೊಡುತ್ತೇನೆ. ಇಬ್ಬರಲ್ಲಿ ಯಾರಿಗೆ ಏನೂ ಬಾರದಿದ್ದರೂ, ಬರಲಿಲ್ಲ ಅಂತ ಬರೆಯಬೇಕು. ನಲ್ಲಿ, ಹಗ್ಗ ಬರೆಯಕೂಡದು.

ಫೋಟೋ ತೆಗೆದಿಲ್ಲ. ಆಮ್ಲೆಟ್ಟಾದರೇನು, ಚೆಂದ ಇದೆ.

ಕೈ ಸೋತಿತು.

ದೊಡ್ಡಮ್ಮ

ಹುಡುಗನ ವಿಷಯ ಸುಳ್ಳಾದದ್ದಕ್ಕೆ ಮಾತ್ರ ಸ್ವಲ್ಪ ಬೇಜಾರಿದೆ.

---

ಸೆಪ್ಟೆಂಬರ್ 26

ಚಿರಂಜೀವಿಗೆ ಆಶೀರ್ವಾದ.

ಹೇಳುವವರಿಲ್ಲದೆ ಬರೆಯುವುದು ನನಗೆ ರೂಢಿಯಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಒಳಗೆ ಕರೆದುಕೊಂಡು ಹೋದರು. ಗಾಲಿಮಂಚದ ಮೇಲೆ ಮಲಗಿ ಡಾಕ್ಟರಿಗೆ “ಸೊಂಟದಲ್ಲಿ ತಗೊಂಡ ಜಾಗ ನೀಟಾಗಿ ಮುಚ್ಚಿ, ನಾನು ಹೊಲಿಗೆ ನೋಡ್ತೀನಿ” ಅಂದಳು. ಅವರು ಹೊಲಿಗೆಯಲ್ಲಿ ತಮಗೂ ಹೆಸರಿದೆ ಅಂದರು. ಬಾಗಿಲು ಮುಚ್ಚಿತು. ಬೆಂಚು ಮರದ್ದು, ಗಟ್ಟಿಯಾಗಿತ್ತು. ಅದರ ಮೇಲೆ ಕೂತು ನಿನ್ನ ಕೋಶಗಳ ಮಾತು ನೆನೆದೆ.

ಮಧ್ಯಾಹ್ನ ಹೊರಗೆ ತಂದರು. ಆಪರೇಷನ್ ಸರಿಯಾಗಿ ಆಗಿದೆ. ಹಳೆಯ ತಗಡು ಸಡಿಲವಾಗಿತ್ತಂತೆ, ಹೊಸದು ಹಾಕಿದ್ದಾರೆ. ಕೂಡುತ್ತದೆಯೇ ಎಂಬುದಕ್ಕೆ ಡಾಕ್ಟರು ಮಾತು ಕೊಟ್ಟಿಲ್ಲ. ಕೊಟ್ಟಿದ್ದರೆ ಬರೆಯುತ್ತಿದ್ದೆ.

ಸಂಜೆ ಎಚ್ಚರವಾದಾಗ ಮೊದಲು ಆಡಿದ ಮಾತು: “ಇವರು ಊಟ ಮಾಡಿದ್ರಾ?” ನನ್ನನ್ನೇ ನೋಡಿಕೊಂಡು ಕೇಳಿದಳು.

ನಾನು ಮಾಡಿರಲಿಲ್ಲ. ಮಾಡಿದೆ ಅಂದೆ. ಇದೊಂದು ದಾಖಲೆಯಿಂದ ತೆಗೆಯತಕ್ಕದ್ದು.

ದೊಡ್ಡಪ್ಪ

---

ಡಿಸೆಂಬರ್ 2

ದೊಡ್ಡಮ್ಮ, ದೊಡ್ಡಪ್ಪ,

ಕರಾರಿನಂತೆ ವರದಿ ಒಪ್ಪಿಸುತ್ತಿದ್ದೇನೆ.

ಚಿಪ್ಪಿನ ಪುಡಿ ಬಿಟ್ಟೆ. ಕ್ಯಾಂಟೀನಿನವರು ಮುನಿಸಿಕೊಂಡಿದ್ದಾರೆ. “ನಮ್ಮ ಚಿಪ್ಪೇನು ಮಾಡ್ತು ಮೇಡಂ?” ಅಂತ. ಸುಳ್ಳು ಹೇಳಿತು ಅಂತ ಹೇಳುವುದು ಹೇಗೆ? ಪಾಪ, ಚಿಪ್ಪು ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆ ಅರ್ಧವಾಗಿತ್ತು. ಈ ಸಲ ಬರೀ ರೇಷ್ಮೆಯ ಸ್ಪಂಜು, ಸ್ವಲ್ಪ ಗಟ್ಟಿಯಾಗಿ, ಒರಟಾಗಿ ಬರುವ ಹಾಗೆ. ಕೋಶ ಹಾಕಿದಷ್ಟೇ ಖಾಲಿಯವನ್ನೂ ಇಟ್ಟೆ. ಎರಡಕ್ಕೂ ಒಂದೇ ಉಪಚಾರ. ಖಾಲಿ ಸ್ಪಂಜಿಗೆ ಹೊಸ ದ್ರವ ಹಾಕುವಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೂ ದಿನಾ ಹಾಲು ಹಾಕಿ ಹೋಗುವವನ ಹಾಗೆ ಅನ್ನಿಸುತ್ತಿತ್ತು.

ಮೊನ್ನೆ ಬಣ್ಣ ಹಾಕಿದೆವು. ಮೇಡಂ ಪಕ್ಕದಲ್ಲೇ ನಿಂತಿದ್ದರು. ಮೊದಲು ಖಾಲಿಯದನ್ನು ತೊಳೆದೆ. ಕೆಂಪೆಲ್ಲ ಇಳಿದು ಹೋಯಿತು, ಬೆಳ್ಳಗೆ ಉಳಿಯಿತು. ಅಷ್ಟಕ್ಕೇ ಕಣ್ಣು ತುಂಬಿತು ನೋಡು. ಏನೂ ಬಾರದ್ದಕ್ಕೆ ಅತ್ತದ್ದು ಇದೇ ಮೊದಲು. ಆಮೇಲೆ ಇನ್ನೊಂದು. ಅದೂ ಬಹುಪಾಲು ಬೆಳ್ಳಗಾಯಿತು. ಆದರೆ ಅಲ್ಲಲ್ಲಿ, ಕೋಶಗಳು ಗುಂಪು ಕೂಡಿದ ಕಡೆ, ಚುಕ್ಕೆ ಚುಕ್ಕೆ ಕೆಂಪು ನಿಂತಿತು. ಎಷ್ಟು ತೊಳೆದರೂ ಹೋಗಲಿಲ್ಲ.

“ಎಷ್ಟಿದೆ?” ಅಂದರು ಮೇಡಂ. “ಸಾಸಿವೆಯಷ್ಟೂ ಇಲ್ಲ ಮೇಡಂ” ಅಂದೆ. “ಇರಲಿ ಕಣಮ್ಮ, ಇದು ನಿಂದೇ” ಅಂದರು.

ಎರಡು ತಟ್ಟೆಯನ್ನೂ ಒಂದೇ ಫೋಟೋದಲ್ಲಿ ತೆಗೆದು ಕಳಿಸಿದ್ದೇನೆ. ಇದಕ್ಕೆ ಮಾತ್ರ ಕನ್ನಡಕ ಬೇಕು.

ನಿನ್ನ ವರದಿ?

ಸಾಸಿವೆ

---

ಜನವರಿ 21

ಸಾಸಿವೇ,

ಅಕ್ಷರ ನೋಡಿ ಯಾರದು ಅಂದುಕೊಂಡೆಯೇನೋ. ನನ್ನದೇ, ಬಲಗೈಯದು. ಎಡಗೈಯಷ್ಟೇ ಸೊಟ್ಟಗಿದೆ, ಆದರೆ ಇದರ ಸೊಟ್ಟಕ್ಕೆ ಮುಂದೆ ಸರಿಹೋಗುವ ಲಕ್ಷಣ ಇದೆ.

ಕನ್ನಡಕ ಮಾಡಿಸಿದೆ. ನಿನ್ನ ಎರಡನೇ ಫೋಟೋ ಹಳೆಯದರ ಪಕ್ಕದಲ್ಲಿ ಅಂಟಿಸಿದ್ದೇನೆ. ಗಿರಾಕಿಗಳು ಈಗಲೂ ದೊಡ್ಡ ಕೆಂಪನ್ನೇ ನೋಡುತ್ತಾರೆ. “ಅದಲ್ಲ, ಇದನ್ನ ನೋಡಿ” ಅಂತ ಬೆರಳಿಟ್ಟು ತೋರಿಸುತ್ತೇನೆ. “ಏನೂ ಕಾಣ್ಸಲ್ಲ ಕಣಮ್ಮ” ಅನ್ನುತ್ತಾರೆ. “ಹತ್ರ ಬನ್ನಿ” ಅನ್ನುತ್ತೇನೆ. ಬಂದವರು ಚುಕ್ಕೆ ಕಂಡ ಮೇಲೆ ನನಗಿಂತ ಜೋರಾಗಿ ಕೂಗುತ್ತಾರೆ.

ನಿನ್ನೆ ಎಕ್ಸ್‌ರೇ ಆಯಿತು. ಡಾಕ್ಟರು ದೀಪದ ಮುಂದೆ ಹಿಡಿದು ಬಾಯಿ ತೆರೆಯುವ ಮೊದಲೇ ನಾನು, “ತಾಳಿ ಡಾಕ್ಟ್ರೇ, ಎಡಗೈದೂ ತೆಗೀರಿ. ಪಕ್ಕದಲ್ಲಿಟ್ಟು ನೋಡೋಣ” ಅಂದೆ. “ಎಡಗೈಗೇನಾಗಿದೆ?” ಅಂದರು. “ಏನೂ ಆಗಿಲ್ಲ, ಅದಕ್ಕೇ” ಅಂದೆ. ತೆಗೆಸಿದರು. ಎರಡನ್ನೂ ಪಕ್ಕಪಕ್ಕ ಹಿಡಿದರು. ಕಪ್ಪು ಓಣಿ ಇಲ್ಲ ಮಗಳೇ. ಅದಿದ್ದ ಕಡೆ ಮಸುಕು ಬಿಳಿ, ಎಡಗೈಯಷ್ಟು ಅಚ್ಚ ಬಿಳಿಯಲ್ಲ, ಆದರೆ ಈ ದಡದಿಂದ ಆ ದಡದವರೆಗೆ ಇದೆ. “ಕೂಡಿದೆ” ಅಂದರು. ಸೊಂಟದಿಂದ ಹಾಕಿದ ತುಂಡು ನಿಧಾನವಾಗಿ ಕರಗಿ, ಅದರ ಜಾಗದಲ್ಲಿ ಕೈ ತನ್ನದೇ ಮೂಳೆ ಕಟ್ಟಿಕೊಳ್ಳುತ್ತದಂತೆ. ಸಾರುವೆ ಅಂದೆಯಲ್ಲ ನೀನು, ಅದೇ. ಕೆಲಸ ಮುಗಿದ ಮೇಲೆ ಹೆಸರು ಹೇಳದೆ ಹೋಗಿಬಿಡುತ್ತದೆ.

ಎಲ್ಲ ಸರಿಯಾಗಿಲ್ಲ. ಮುಂಗೈ ಪೂರ್ತಿ ತಿರುಗುವುದಿಲ್ಲ. ಹೊಲಿದ ಪುಸ್ತಕ ಒತ್ತುವ ಪ್ರೆಸ್ಸಿನ ಹಿಡಿಕೆ ಇನ್ನು ಮುಂದೆಯೂ ಇವರೇ ತಿರುಗಿಸಬೇಕು, ಸೊಂಟ ಚಳಿಗೆ ಗೊಣಗುತ್ತದೆ. ಆದರೆ ಇವತ್ತು ಬೆಳಗ್ಗೆ ಮೂಳೆಪಟ್ಟಿ ಹಿಡಿದು ಒಂದು ಹಾಳೆ ಮಡಿಸಿ ಗೆರೆ ತೀಡಿದೆ. ಗೆರೆ ನೆಟ್ಟಗೆ ಬಂತು. ಅದೇ ಹಾಳೆಯ ಮೇಲೆ ಈ ಪತ್ರ ಬರೆಯುತ್ತಿದ್ದೇನೆ, ಮಡಿಕೆಯ ಮೇಲೆ ಬೆರಳಾಡಿಸಿ ನೋಡು.

ನಿನ್ನ ಪ್ರಬಂಧ ಮುಗಿದ ದಿನ ಬೇರೆಲ್ಲೂ ಕೊಡಕೂಡದು, ನಾನೇ ಹೊಲಿಯುವುದು. ರೇಷ್ಮೆ ದಾರ ತೆಗೆದಿಟ್ಟಿದ್ದೇನೆ.

ಬರೆಯುವವರನ್ನು ಕೆಲಸಕ್ಕೆ ವಾಪಸು ತೆಗೆದುಕೊಂಡಿಲ್ಲ. “ನನಗೂ ಒಂದು ಆವರಣ ಚಿಹ್ನೆ ಬಿಡೇ” ಅಂತ ಬೆಳಗ್ಗೆಯಿಂದ ಹಿಂದೆ ಹಿಂದೆ ಸುತ್ತುತ್ತಿದ್ದಾರೆ. ಬಿಟ್ಟೆ:

(                              )

ಪೆನ್ನು ಹಿಡಿದು ಬಹಳ ಹೊತ್ತು ಕೂತರು. ನನ್ನ ಕೈ ನೋಡಿದರು, ಕಾಗದ ನೋಡಿದರು, ಏನೂ ಬರೆಯದೆ ವಾಪಸು ಕೊಟ್ಟು, “ಪ್ರೆಸ್ ಬಿಗಿ ಮಾಡಿ ಬರ್ತೀನಿ” ಅಂತ ಒಳಗೆ ಹೋದರು. ಪ್ರೆಸ್ಸಿನಲ್ಲಿ ಇವತ್ತು ಯಾವ ಪುಸ್ತಕವೂ ಇಲ್ಲ.

ಖಾಲಿಯದನ್ನು ಹಾಗೇ ಕಳಿಸುತ್ತಿದ್ದೇನೆ. ಹೇಗೆ ಓದುವುದು ಅಂತ ನಿನಗೆ ಗೊತ್ತು.

ನಿನ್ನ,
ದೊಡ್ಡಮ್ಮ